ಟಿವಿ ರಿಮೋಟ್ ಹಾಳಾಯ್ತಾ? ಆಕಾರ ನೋಡ್ಬೇಡಿ, ನಂಬರ್ ನೋಡಿ

ರೂಮಿನಲ್ಲಿ ಆರು ಜನ, ಟಿವಿ ಒಂದೇ. ಅದರ ರಿಮೋಟ್ ಕೆಟ್ಟರೆ ಊರಿನ ಸುದ್ದಿಯೂ ಇಲ್ಲ, ಕ್ರಿಕೆಟ್ಟೂ ಇಲ್ಲ. ಬೀಳಿಸಿದ್ದು ಯಾರು ಅನ್ನೋ ಜಗಳ ಮಾತ್ರ. ಸಾಲ್ಮಿಯಾದ ನಮ್ಮ ರೂಮಿನಲ್ಲೂ ಹೀಗೇ ಆಯ್ತು. ಆಫೀಸಿನಲ್ಲಿ ಫಿಲ್ಸ್ ಬಿಡದೆ ಲೆಕ್ಕ ಬರೆಯುವ ನಾನೇ, ಹಳೆಯದರ ಹಾಗೇ ಕಾಣುತ್ತೆ ಅಂತ ಒಂದು ರಿಮೋಟ್ ತಂದೆ. ಟಿವಿ ಅಲ್ಲಾಡಲಿಲ್ಲ. ಪ್ಯಾಕೆಟ್ ಹರಿದಿದೆ ಅಂತ ಅಂಗಡಿಯವರು ವಾಪಸ್ ತಗೊಳ್ಳಲಿಲ್ಲ. ದುಡ್ಡು ಆರು ಜನರದ್ದು, ಮಾತು ಕೇಳಿದ್ದು ನಾನೊಬ್ಬನೇ. ನಿಮಗೆ ಹಾಗಾಗಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲು ಪರೀಕ್ಷೆ ಮಾಡಿ. ಹೊಸ ಬ್ಯಾಟರಿ ಹಾಕಿ. ಮೊಬೈಲಿನ ಸೆಲ್ಫಿ ಕ್ಯಾಮೆರಾ ತೆರೆದು, ರಿಮೋಟಿನ ತುದಿಯನ್ನು ಅದರ ಮುಂದೆ ಹಿಡಿದು ಬಟನ್ ಒತ್ತಿ. ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಹೆಚ್ಚಿನ ಫೋನುಗಳಲ್ಲಿ ಬಿಳಿ ಅಥವಾ ನೇರಳೆ ಬಣ್ಣದಲ್ಲಿ ಮಿನುಗುತ್ತದೆ. ಮಿನುಗಿದರೆ ರಿಮೋಟ್ ಜೀವಂತ ಇದೆ, ದೋಷ ಟಿವಿಯಲ್ಲಿರಬಹುದು. ಬ್ಯಾಟರಿ ಜಾಗದಲ್ಲಿ ಬಿಳಿ ಪುಡಿ ಕಂಡರೆ ಬ್ಯಾಟರಿ ತೆಗೆದು, ಹತ್ತಿಗೆ ಸ್ವಲ್ಪ ವಿನೆಗರ್ ಹಚ್ಚಿ ಒರೆಸಿ, ಚೆನ್ನಾಗಿ ಒಣಗಿಸಿ. ಎಷ್ಟೋ ಸಲ ಇಷ್ಟರಲ್ಲೇ ಸರಿಹೋಗುತ್ತೆ.

ನಿಜವಾಗಿಯೂ ಹಾಳಾಗಿದ್ದರೆ ನಂಬರ್ ಹುಡುಕಿ. ರಿಮೋಟಿನ ಹಿಂಬದಿ ಅಥವಾ ಬ್ಯಾಟರಿ ಮುಚ್ಚಳದ ಒಳಗೆ ಅದು ಇರುತ್ತದೆ. ಸ್ಯಾಮ್‌ಸಂಗ್‌ನಲ್ಲಿ ಸಾಮಾನ್ಯವಾಗಿ ಬಿಎನ್59, ಎಲ್‌ಜಿಯಲ್ಲಿ ಎಕೆಬಿ ಅಂತ ಶುರುವಾಗುತ್ತೆ. ರಿಮೋಟೇ ಕಳೆದಿದ್ದರೆ ಟಿವಿ ಹಿಂಬದಿಯ ಸ್ಟಿಕರ್‌ನಲ್ಲಿರುವ ಮಾಡೆಲ್ ನಂಬರಿನ ಫೋಟೋ ತೆಗೆದುಕೊಳ್ಳಿ. ಕಂಪನಿ ಹೆಸರು ಒಂದೇ ಇದ್ದರೆ ಸಾಲದು; ಬೇರೆ ಬೇರೆ ವರ್ಷದ ಟಿವಿಗಳಿಗೆ ರಿಮೋಟ್ ಬೇರೆ ಇರಬಹುದು. ಡಿಶ್ ಬಾಕ್ಸಿನ ರಿಮೋಟನ್ನು ಟಿವಿಯದ್ದು ಅಂದ್ಕೊಂಡು ಅಂಗಡಿಗೆ ಒಯ್ಯಬೇಡಿ.

ಆ ಫೋಟೋ ಹಿಡಿದು ಸಾಲ್ಮಿಯಾದ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಕೇಳಿ. ಸಿಗದಿದ್ದರೆ ಪಕ್ಕದ ಹವಲ್ಲಿಯ ಇಬ್ನ್ ಖಲ್ದೂನ್ ರಸ್ತೆಗೆ ಹೋಗಿ. ಅಲ್‌ ರಾಯ್‌ನ ಶುಕ್ರವಾರದ ಸಂತೆಯಲ್ಲಿ ಹಳೇ ಟಿವಿ ಕೊಳ್ಳುವವರು ರಿಮೋಟ್ ಇದೆಯಾ ಅಂತ ಕೇಳಿಯೇ ಬೆಲೆ ಮಾತಾಡಿ.

ನಂಬರಿನ ರಿಮೋಟ್ ಸಿಗಲಿಲ್ಲವಾ? ಯೂನಿವರ್ಸಲ್ ರಿಮೋಟ್ ತಗೊಳ್ಳಿ. ಜೊತೆಗೆ ಬರುವ ಚೀಟಿಯಲ್ಲಿ ನಿಮ್ಮ ಟಿವಿ ಕಂಪನಿಯ ಕೋಡ್‌ಗಳಿರುತ್ತವೆ. ಒಂದೊಂದಾಗಿ ಹಾಕಿ ನೋಡಿ. ಆನ್-ಆಫ್ ಮಾತ್ರ ಆದರೆ ಸಾಲದು. ವಾಲ್ಯೂಮ್, ಮೆನು, ಸೋರ್ಸ್ ಬಟನ್‌ಗಳೂ ಕೆಲಸ ಮಾಡಬೇಕು. ಸರಿಹೊಂದಿದ ಕೋಡನ್ನು ಬ್ಯಾಟರಿ ಮುಚ್ಚಳದ ಒಳಗೆ ಬರೆದಿಡಿ. ಬ್ಯಾಟರಿ ಬದಲಿಸಿದಾಗ ಕೆಲವು ರಿಮೋಟ್‌ಗಳು ಅದನ್ನು ಮರೆತುಬಿಡುತ್ತವೆ.

ನಿಮ್ಮದು ಆಂಡ್ರಾಯ್ಡ್ ಟಿವಿಯೇ? ಟಿವಿ, ಫೋನ್ ಎರಡೂ ಒಂದೇ ವೈಫೈನಲ್ಲಿದ್ದರೆ ಗೂಗಲ್ ಟಿವಿ ಆ್ಯಪ್‌ನಿಂದ ಫೋನನ್ನೇ ರಿಮೋಟ್ ಮಾಡಬಹುದು. ಮೊದಲ ಸಲ ಟಿವಿ ಪರದೆಯಲ್ಲಿ ಬರುವ ಕೋಡನ್ನು ಫೋನಿನಲ್ಲಿ ಹಾಕಬೇಕು. ಇದಕ್ಕೆ ಖರ್ಚಿಲ್ಲ. ಮಾತಾಡಿ ಹುಡುಕುವ ಹೊಸ ರಿಮೋಟ್ ಕೊಂಡರೆ, ಅದನ್ನು ಟಿವಿಗೆ ಬ್ಲೂಟೂತ್‌ನಲ್ಲಿ ಜೋಡಿಸಿದ ಮೇಲೆಯೇ ಮೈಕ್ ಕೆಲಸ ಮಾಡುತ್ತದೆ.

ಕೊನೆಯದಾಗಿ, ದುಡ್ಡು ಕೊಡುವ ಮೊದಲು "ಹೊಂದದಿದ್ದರೆ ಬದಲಿಸಿ ಕೊಡ್ತೀರಾ?" ಅಂತ ಕೇಳಿ, ಬಿಲ್ಲಿನ ಮೇಲೇ ಬರೆಸಿಕೊಳ್ಳಿ. ಆ ಬಿಲ್ಲನ್ನು ರೂಮಿನ ಗೋಡೆಗೆ ಅಂಟಿಸಿ. ಆಮೇಲೆ ಲೆಕ್ಕದಲ್ಲಿ ಜಗಳ ಬರುವುದಿಲ್ಲ.