ಭುಜದ ಆಪರೇಷನ್ ಯಾರ ಹತ್ರ ಮಾಡಿಸೋದು? ಬಸ್ ಹತ್ತೋ ಮುಂಚೆ ಇದನ್ನ ಕೇಳಿ

ಈ ಸಲದ ವಿಷಯ ಭುಜ. ಬೈಕಿಂದ ಬಿದ್ದವರು, ಕಬಡ್ಡಿಯಲ್ಲಿ ಕೈ ತಿರುಚಿಕೊಂಡವರು, ಹುಣಸೆ ಮರದಿಂದ ಜಾರಿದವರು, ಎಲ್ಲರ ಮನೇಲೂ ಕೊನೆಗೆ ಬರೋ ಪ್ರಶ್ನೆ ಒಂದೇ: "ಆಪರೇಷನ್ ಅಂತೆ, ಯಾರ ಹತ್ರ ಮಾಡಿಸೋದು?" ನಾನು ಬಿಕಾಂ ಓದಿದವನು, ಡಾಕ್ಟರ್ ಅಲ್ಲ. ಹಾಗಾಗಿ ಯಾವ ಡಾಕ್ಟರ್ ಹೆಸರನ್ನೂ ಹೇಳಲ್ಲ. ಆರಿಸೋದು ಹೇಗೆ ಅಂತ ಮಾತ್ರ ಹೇಳ್ತೀನಿ.

ಮೊದಲು, ನಿಮ್ಮ ತೊಂದರೆಯ ಹೆಸರೇನು ಅಂತ ತಿಳ್ಕೊಳ್ಳಿ. "ಭುಜ ನೋವು" ಅನ್ನೋದು ಕಾಯಿಲೆ ಹೆಸರಲ್ಲ. ಭುಜದ ಕೀಲು ಅಂದ್ರೆ ಸಣ್ಣ ತಟ್ಟೆ ಮೇಲೆ ದೊಡ್ಡ ಚೆಂಡು ಇಟ್ಟ ಹಾಗೆ. ಅದಕ್ಕೇ ಕೈ ಎಲ್ಲಾ ಕಡೆ ತಿರುಗುತ್ತೆ, ಅದಕ್ಕೇ ಸುಲಭವಾಗಿ ಜಾರುತ್ತೆ ಕೂಡ. ಆ ಚೆಂಡನ್ನ ಸುತ್ತ ಹಿಡಿದಿಡೋದು ನಾಲ್ಕು ಸ್ನಾಯುಗಳು, ಇವಕ್ಕೆ ರೊಟೇಟರ್ ಕಫ್ ಅಂತಾರೆ. ಮೂಳೆ ಮುರಿದಿರಬಹುದು, ಕೀಲು ತಪ್ಪಿರಬಹುದು, ಈ ಕಫ್ ಹರಿದಿರಬಹುದು, ಅಥವಾ ಭುಜ ಬಿಗಿದು ಫ್ರೋಜನ್ ಶೋಲ್ಡರ್ ಆಗಿರಬಹುದು. ನಾಲ್ಕಕ್ಕೂ ದಾರಿ ಬೇರೆ ಬೇರೆ.

ಫ್ರೋಜನ್ ಶೋಲ್ಡರ್ ಶುಗರ್ ಇರೋರಲ್ಲಿ ಜಾಸ್ತಿ. ವ್ಯಾಯಾಮ, ಮಾತ್ರೆ, ಕೆಲವರಿಗೆ ಕೀಲಿಗೆ ಒಂದು ಇಂಜೆಕ್ಷನ್, ಹೆಚ್ಚಿನವರಿಗೆ ಇಷ್ಟೇ ಸಾಕು. ಆದ್ರೆ ಒಂದರಿಂದ ಮೂರು ವರ್ಷ ತಾಳ್ಮೆ ಬೇಕು. ಇದಕ್ಕೆ ಮೊದಲ ದಿನವೇ ಆಪರೇಷನ್ ಅಂದ್ರೆ, ಇನ್ನೊಬ್ಬರ ಅಭಿಪ್ರಾಯ ಕೇಳಿ. ವಯಸ್ಸಾದವರ ಭುಜದ ಮೂಳೆ ಮುರಿತ ಕೂಡ, ಜಾಗ ಬಿಟ್ಟು ಕದಲದಿದ್ರೆ, ಎಷ್ಟೋ ಸಲ ಜೋಳಿಗೆ ಕಟ್ಟಿದ್ರೇ ಕೂಡಿಕೊಳ್ಳುತ್ತೆ.

ಕಾಯಬಾರದ್ದೂ ಇದೆ. ಕೀಲು ತಪ್ಪಿದ್ರೆ ಅವತ್ತೇ ಆಸ್ಪತ್ರೆಗೆ ಹೋಗಿ, ಎಕ್ಸ್‌ರೇ ತೆಗೆಸಿ ಕೂರಿಸಿಕೊಳ್ಳಬೇಕು. ಊರಲ್ಲಿ ಯಾರೋ ಜಗ್ಗಿ ಕೂರಿಸ್ತಾರೆ ಅಂತ ಹೋಗಬೇಡಿ, ಒಳಗೆ ಮೂಳೆ ಮುರಿದಿದ್ರೆ, ನರಕ್ಕೆ ಪೆಟ್ಟಾಗಿದ್ರೆ ಇನ್ನಷ್ಟು ಕೆಡುತ್ತೆ. ಬಿದ್ದ ಮೇಲೆ ಕೈ ಎತ್ತೋಕೇ ಆಗ್ತಿಲ್ಲ ಅಂದ್ರೆ ಕಫ್ ಹರಿದಿರಬಹುದು. ತಿಂಗಳುಗಟ್ಟಲೆ ಎಣ್ಣೆ ತಿಕ್ಕುತ್ತಾ ಕೂತ್ರೆ ಹರಿದ ಸ್ನಾಯು ಹಿಂದಕ್ಕೆ ಸರಿದು ಸೊರಗುತ್ತೆ, ಆಮೇಲೆ ಹೊಲಿಯೋದು ಕಷ್ಟ. ಇಪ್ಪತ್ತರ ಆಸುಪಾಸಿನ ಹುಡುಗರಿಗೆ ಒಂದ್ಸಲ ಭುಜ ತಪ್ಪಿದ್ರೆ ಮತ್ತೆ ತಪ್ಪೋ ಸಾಧ್ಯತೆ ತುಂಬಾ ಜಾಸ್ತಿ. ಅವರ ವಿಷಯದಲ್ಲಿ ಆಪರೇಷನ್ ಮಾತು ಬೇಗ ಬರುತ್ತೆ.

ಈಗ ಡಾಕ್ಟರ್ ವಿಷಯ. ಎಂಎಸ್ ಆರ್ಥೋ ಅಥವಾ ಡಿಎನ್‌ಬಿ ಆರ್ಥೋ ಅಂದ್ರೆ ಮೂಳೆ ತಜ್ಞರು. ಮುರಿದ ಮೂಳೆಗೆ ಪ್ಲೇಟ್ ಹಾಕೋದನ್ನ ಅವರಲ್ಲಿ ಬಹಳಷ್ಟು ಜನ ಮಾಡ್ತಾರೆ. ಆದ್ರೆ ಕಫ್ ಹೊಲಿಯೋದು, ಪದೇ ಪದೇ ತಪ್ಪೋ ಭುಜ ಸರಿಮಾಡೋದು, ಕೀಲು ಬದಲಿಸೋದು ಬೇರೆ ಲೆವೆಲ್ ಕೆಲಸ. ಇದಕ್ಕೆ ಭುಜದಲ್ಲೇ ಹೆಚ್ಚುವರಿ ತರಬೇತಿ ಇರೋರು ಬೇಕು. ಎದುರಿಗೆ ಕೂತು ಹೀಗೆ ಕೇಳಿ: "ಸಾರ್, ಇದೇ ಆಪರೇಷನ್‌ನ ವರ್ಷಕ್ಕೆ ಎಷ್ಟು ಮಾಡ್ತೀರ? ಮಾಡಿಸದೇ ಇದ್ರೆ ಏನಾಗುತ್ತೆ? ಏನೇನು ತೊಂದರೆ ಆಗಬಹುದು? ಕತ್ತರಿ ಹಿಡಿಯೋದು ನೀವೇನಾ? ಆಮೇಲೆ ತೊಂದರೆ ಆದ್ರೆ ಯಾರಿಗೆ ಫೋನ್ ಮಾಡಬೇಕು?" ಇದು ಅಗೌರವ ಅಲ್ಲ. ಕೈ ನಿಮ್ಮದು. ಒಳ್ಳೇ ಡಾಕ್ಟರ್ ಸಿಟ್ಟಾಗಲ್ಲ, ಉತ್ತರ ಕೊಡ್ತಾರೆ. ರಿಜಿಸ್ಟ್ರೇಷನ್ ನಂಬರ್ ಚೀಟಿ ಮೇಲೇ ಇರಬೇಕು, ನೋಡ್ಕೊಳ್ಳಿ.

ದುಡ್ಡಿನ ಲೆಕ್ಕಕ್ಕೆ ಬರೋಣ, ಇದು ನನ್ನ ಏರಿಯಾ. ಆಪರೇಷನ್, ರೂಮು, ಅನಸ್ತೇಶಿಯ, ಒಳಗೆ ಹಾಕೋ ಸ್ಕ್ರೂ ಅಥವಾ ಆಂಕರ್, ಎಲ್ಲಾ ಬೇರೆ ಬೇರೆ ಬರೆದ ಅಂದಾಜು ಪಟ್ಟಿ ಕೇಳಿ. ಆಂಕರ್ ಎಷ್ಟು ಬೇಕಾಗಬಹುದು ಅನ್ನೋದನ್ನೂ ಕೇಳಿ, ಬಿಲ್ ಅಲ್ಲೇ ಏರೋದು. ಬಿಪಿಎಲ್ ಕಾರ್ಡ್ ಇದ್ರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಎಮರ್ಜೆನ್ಸಿ ಅಲ್ಲದಿದ್ರೆ ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ಅದಕ್ಕೇ ನೇರ ಬೆಂಗಳೂರಿಗೆ ಓಡಬೇಡಿ. ಮೊದಲು ತಾಲ್ಲೂಕು ಆಸ್ಪತ್ರೆ, ಅಲ್ಲಿಂದ ತುಮಕೂರು ಜಿಲ್ಲಾ ಆಸ್ಪತ್ರೆ. ಅಲ್ಲೂ ಆಗಲ್ಲ ಅಂದ್ರೆ ಬೆಂಗಳೂರಲ್ಲಿ ಮೂಳೆಗೇ ಮೀಸಲಾದ ಸರ್ಕಾರಿ ಸಂಸ್ಥೆ ಇದೆ, ಸಂಜಯ್ ಗಾಂಧಿ ಆಸ್ಪತ್ರೆ. ನಿಮ್ಮ ಆಪರೇಷನ್ ಯೋಜನೆಯಲ್ಲಿ ಬರುತ್ತಾ ಅಂತ ಆಸ್ಪತ್ರೆಯ ಆರೋಗ್ಯಮಿತ್ರರನ್ನ ಅಡ್ಮಿಟ್ ಆಗೋ ಮುಂಚೆಯೇ ಕೇಳಿ.

ಕೊನೇದು, ಜನ ಮರೆಯೋದು. ಕಫ್ ಹೊಲಿದ ಮೇಲೆ ನಾಲ್ಕರಿಂದ ಆರು ವಾರ ಕೈ ಜೋಳಿಗೆಯಲ್ಲಿ. ಆಮೇಲೆ ತಿಂಗಳುಗಟ್ಟಲೆ ಫಿಸಿಯೋಥೆರಪಿ. ಪಾವಗಡದಿಂದ ಬೆಂಗಳೂರಿಗೆ ವಾರಕ್ಕೆ ಮೂರು ಸಲ ಓಡಾಡೋಕೆ ಆಗುತ್ತಾ? ಆಗಲ್ಲ. ಹಾಗಾಗಿ ಡಿಸ್ಚಾರ್ಜ್ ದಿನವೇ ವ್ಯಾಯಾಮದ ಪಟ್ಟಿ ಬರೆಸಿಕೊಳ್ಳಿ, ಊರ ಹತ್ರದ ಫಿಸಿಯೋಗೆ ಒಂದು ಪತ್ರ ಕೇಳಿ. ಕಡಲೆಕಾಯಿ ಬಿತ್ತನೆ ಹತ್ರ ಇದ್ರೆ, ಕಾಯೋಕೆ ಆಗುವಂಥ ಆಪರೇಷನ್ ಆಗಿದ್ರೆ, ಅದನ್ನ ಬಾಯಿಬಿಟ್ಟು ಡಾಕ್ಟರ್‌ಗೆ ಹೇಳಿ ದಿನ ಹೊಂದಿಸಿಕೊಳ್ಳಿ. ಚೆನ್ನಾಗಿ ಹೊಲಿದ ಭುಜ ಕೂಡ ಮೂರನೇ ವಾರಕ್ಕೇ ಮೂಟೆ ಎತ್ತಿದ್ರೆ ಮತ್ತೆ ಹರಿಯುತ್ತೆ.

ಮನೇಲಿ ಯಾರಿಗಾದ್ರೂ ಭುಜದ ಆಪರೇಷನ್ ಅಂತ ಹೇಳಿದ್ರೆ, ಈ ಎಪಿಸೋಡ್ ಅವರ ವಾಟ್ಸಾಪ್‌ಗೆ ಕಳಿಸಿ. ಪ್ರಶ್ನೆಗಳನ್ನ ಒಂದು ಹಾಳೆ ಮೇಲೆ ಬರ್ಕೊಟ್ಟು, ಜೊತೆಗೆ ನೀವೂ ಹೋಗಿ. ಮುಂದಿನ ವಾರ ಸಿಗೋಣ.