ಊರಿನ ಹೆಸರು ಹೊತ್ತ ದ್ರಾಕ್ಷಿ

ಸಂಜೆ ಕಂಪನಿ ಬಸ್ಸುಗಳಿಂದ ಇಳಿದವರು ಮನೆ ಸೇರುವ ಹೊತ್ತಿಗೆ ಬೆಂಗಳೂರಿನ ಬ್ರೂಕ್‌ಫೀಲ್ಡ್‌ನ ರಸ್ತೆಬದಿಯಲ್ಲಿ ಹಣ್ಣಿನ ತಳ್ಳುಗಾಡಿಗಳು ಬಂದು ನಿಂತಿರುತ್ತವೆ. ಬೇಸಿಗೆಯ ಬಾಗಿಲಲ್ಲಿ ಅವುಗಳ ಮೇಲೆ ದ್ರಾಕ್ಷಿಯ ಎರಡು ರಾಶಿ. ಒಂದು ಹಸಿರು ಸೀಡ್‌ಲೆಸ್. ಹೆಚ್ಚಿನವರ ಕೈ ಹೋಗುವುದು ಅದಕ್ಕೇ. ಇನ್ನೊಂದು ಗುಂಡಗಿನ, ಕಪ್ಪು ಅನ್ನುವಷ್ಟು ಗಾಢ ನೀಲಿಯ ಹಣ್ಣು. ಮೈಮೇಲೆ ವಿಭೂತಿ ಬಳಿದಂತೆ ತೆಳ್ಳನೆಯ ಬೂದು ಪುಡಿ. ಮುಟ್ಟಿದರೆ ಬೆರಳಚ್ಚು ಮೂಡುತ್ತದೆ. ಒಂದನ್ನು ತುಟಿಗಿಟ್ಟು ಮೆಲ್ಲಗೆ ಒತ್ತಿದರೆ ಸಿಪ್ಪೆ ಬೆರಳಲ್ಲೇ ಉಳಿದು, ತಿರುಳು ಗೋಲಿಯಂತೆ ಜಾರಿ ಬಾಯಿಗೆ ಬೀಳುತ್ತದೆ. ಮೊದಲು ಸಿಹಿ, ಹಿಂದೆಯೇ ಹುಳಿ, ಕೊನೆಗೆ ಬೀಜ. ಗಾಡಿಯವರು ಅದನ್ನು ಬರೀ ‘ಬ್ಲೂ’ ಅನ್ನುತ್ತಾರೆ. ಪೂರ್ತಿ ಹೆಸರು ಬೆಂಗಳೂರು ಬ್ಲೂ. 2013ರಲ್ಲಿ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಪಡೆದ ಹಣ್ಣು ಇದು.

ಊರಿನ ಹೆಸರು ಹೊತ್ತ ಹಣ್ಣು ಅಂದರೆ ಸಣ್ಣ ಮಾತಲ್ಲ. ದ್ರಾಕ್ಷಿಗೂ ನೆಲಕ್ಕೂ ಇರುವ ನಂಟನ್ನು ಜರ್ಮನಿಯವರು ಎಷ್ಟು ಜತನದಿಂದ ಕಾಪಾಡುತ್ತಾರೆಂಬುದನ್ನು ನೋಡಿದರೆ ಇದು ಗೊತ್ತಾಗುತ್ತದೆ. ಅಲ್ಲಿ ವೈನ್ ದ್ರಾಕ್ಷಿ ಬೆಳೆಯುವ ಹದಿಮೂರು ಸೀಮೆಗಳಿವೆ. ಮೋಸೆಲ್ ನದಿಯ ಕಡಿದಾದ ಕಲ್ಲುಹಲಗೆಯ ಇಳಿಜಾರಿನಲ್ಲಿ ರೀಸ್ಲಿಂಗ್, ಫ್ರಾಂಕನ್ ಸೀಮೆಯಲ್ಲಿ ಸಿಲ್ವಾನರ್, ಆರ್ ಕಣಿವೆಯಲ್ಲಿ ಕೆಂಪು ವೈನಿನ ಶ್ಪೇಟ್‌ಬುರ್ಗುಂಡರ್. ರೀಸ್ಲಿಂಗ್ ಬಳ್ಳಿ ಕೊಂಡ 1435ರ ಲೆಕ್ಕಪತ್ರವನ್ನೂ ಅವರು ಜೋಪಾನವಾಗಿಟ್ಟು, ಆ ತಳಿಯ ಮೊದಲ ದಾಖಲೆಯೆಂದು ಮೆರೆಸುತ್ತಾರೆ. ಬೆಂಗಳೂರು ಬ್ಲೂಗೆ ಅಂಥ ಚೀಟಿಯಿಲ್ಲ. ಸುತ್ತಲಿನ ಜಿಲ್ಲೆಗಳಲ್ಲಿ ಸುಮಾರು ನೂರೈವತ್ತು ವರ್ಷಗಳಿಂದ ಬೆಳೆಯುತ್ತಿದೆ ಎನ್ನುವಲ್ಲಿಗೆ ಅದರ ಚರಿತ್ರೆ ಮುಗಿಯುತ್ತದೆ.

ಆದರೆ ಅದರ ಕುಲ ಗೊತ್ತು. ಯುರೋಪಿನ ವೈನ್ ದ್ರಾಕ್ಷಿಯ ಜಾತಿಗೆ ಸೇರಿದ್ದಲ್ಲ ಇದು. ಅಮೆರಿಕದ ಕಾಡುಬಳ್ಳಿ ಲಬ್ರುಸ್ಕಾದ ವಂಶ, ಇಸಾಬೆಲ್ಲಾ ಎಂಬ ತಳಿಯ ಬಳಗ. ಜಾರುವ ಸಿಪ್ಪೆ, ಮೂಗಿಗೆ ರಪ್ಪನೆ ಬಡಿಯುವ ಪರಿಮಳ ಎರಡೂ ಆ ಕಡೆಯಿಂದಲೇ ಬಂದ ಬಳುವಳಿ. ದ್ರಾಕ್ಷಿ ಪೆಪ್ಪರಮಿಂಟಿನಲ್ಲಿ, ದ್ರಾಕ್ಷಿ ಸೋಡಾದಲ್ಲಿ ಬರುವ ವಾಸನೆಗೆ ಕಾರಣವಾದ ಮೀಥೈಲ್ ಆಂಥ್ರನಿಲೇಟ್ ಈ ಕುಲದ ಹಣ್ಣುಗಳಲ್ಲಿ ತಾನಾಗಿಯೇ ಇರುತ್ತದೆ. ಬೆಂಗಳೂರಿನ ಜ್ಯೂಸ್ ಅಂಗಡಿಯಲ್ಲಿ ‘ಗ್ರೇಪ್ ಜ್ಯೂಸ್’ ಕುಡಿದು ಬೆಳೆದವರಿಗೆ ದ್ರಾಕ್ಷಿಯ ವಾಸನೆ ಅಂದರೆ ಇದೇ.

ಯುರೋಪು ಈ ವಾಸನೆಗೆ ಮೂಗು ಮುರಿಯಿತು. ಫ್ರಾನ್ಸ್ 1934ರಲ್ಲಿ ನಿಷೇಧಿಸಿದ ಆರು ತಳಿಗಳಲ್ಲಿ ಇಸಾಬೆಲ್ಲಾ ಒಂದು. ಆದರೆ ಯುರೋಪಿನ ತೋಟಗಳು ಇಂದಿಗೂ ನಿಂತಿರುವುದು ಅಮೆರಿಕದ ಬೇರಿನ ಮೇಲೆ. ಹತ್ತೊಂಬತ್ತನೆಯ ಶತಮಾನದಲ್ಲಿ ಫಿಲೋಕ್ಸೆರಾ ಎಂಬ ಬೇರುಹೇನು ಅಮೆರಿಕದ ಬಳ್ಳಿಗಳ ಜೊತೆ ಹಡಗು ಹತ್ತಿ ಬಂತು. ಜರ್ಮನಿಯಲ್ಲಿ ಅದು ಮೊದಲು ಕಂಡದ್ದು 1874ರಲ್ಲಿ, ಬಾನ್ ನಗರದ ಹತ್ತಿರ. ಆ ಹೇನನ್ನು ತಾಳಿಕೊಳ್ಳುವ ಶಕ್ತಿ ಇದ್ದದ್ದೂ ಅಮೆರಿಕದ ಕಾಡುಬಳ್ಳಿಗಳ ಬೇರಿಗೇ. ಹಾಗಾಗಿ ರೀಸ್ಲಿಂಗ್‌ನ ರೆಂಬೆಯನ್ನು ಅಂಥ ಬೇರಿಗೆ ಕಸಿ ಕಟ್ಟಿದರು. ಇತ್ತ ಆಸ್ಟ್ರಿಯಾದ ದಕ್ಷಿಣ ಬುರ್ಗೆನ್‌ಲ್ಯಾಂಡಿನ ಜರ್ಮನ್ ನುಡಿಯ ಹಳ್ಳಿಗರು ಇಸಾಬೆಲ್ಲಾ ಬಳಗದ ಹಣ್ಣಿನಿಂದ ‘ಊಹುಡ್ಲರ್’ ಎಂಬ ವೈನ್ ಮಾಡುವುದನ್ನು ಬಿಡಲೇ ಇಲ್ಲ. ಒಂದು ಕಾಲಕ್ಕೆ ಕಾನೂನಿಗೆ ಬೇಡವಾಗಿದ್ದ ಆ ಪಾನೀಯ ಈಗ ಆ ಸೀಮೆಯ ಹೆಮ್ಮೆ.

ಬ್ರೂಕ್‌ಫೀಲ್ಡ್‌ನ ನೆರೆಯಲ್ಲೂ ಇಂಥದೊಂದು ಹೆಮ್ಮೆ ಅಡುಗೆಮನೆಗಳಲ್ಲಿ ಉಳಿದಿದೆ. ವೈಟ್‌ಫೀಲ್ಡ್ ಹುಟ್ಟಿದ್ದು 1882ರಲ್ಲಿ. ಹತ್ತನೆಯ ಚಾಮರಾಜ ಒಡೆಯರ್ ಆಂಗ್ಲೋ–ಇಂಡಿಯನ್ ಕುಟುಂಬಗಳ ಬೇಸಾಯಕ್ಕೆಂದು ಸುಮಾರು 3,900 ಎಕರೆ ಜಮೀನು ಕೊಟ್ಟರು. ಆ ಕುಟುಂಬಗಳ ಮುಂದಾಳು ಡಿ.ಎಸ್. ವೈಟ್ ಅವರ ಹೆಸರೇ ಊರಿಗೆ ನಿಂತಿತು. ಆ ಸಮುದಾಯದ ಮನೆಗಳಲ್ಲಿ ಕ್ರಿಸ್‌ಮಸ್ ವೈನ್ ಅಂದರೆ ಬ್ಲೂ ದ್ರಾಕ್ಷಿಯದೇ. ಹಣ್ಣು ತೊಳೆದು, ನೀರಾರಿಸಿ, ಕೈಯಲ್ಲೇ ಹಿಸುಕಿ, ಸಿಪ್ಪೆ ಬೀಜ ಸಮೇತ ಪಿಂಗಾಣಿ ಜಾಡಿಗೆ ತುಂಬುತ್ತಾರೆ. ಸಕ್ಕರೆ, ಈಸ್ಟ್, ಒಂದು ಹಿಡಿ ಗೋಧಿ, ಚಕ್ಕೆ, ಲವಂಗ. ಬಾಯಿಗೆ ಬಟ್ಟೆ ಕಟ್ಟಿ ಕತ್ತಲ ಮೂಲೆಯಲ್ಲಿಟ್ಟು ದಿನಕ್ಕೊಮ್ಮೆ ಒಣಗಿದ ಮರದ ಸೌಟಿನಿಂದ ತಿರುವಬೇಕು. ಸಿಪ್ಪೆಗಳು ಮೇಲೆದ್ದು ಗುಳುಗುಳು ಅನ್ನುತ್ತವೆ. ನೀಲಿ ಬಣ್ಣ ರಸಕ್ಕಿಳಿದು ಕಡುಗೆಂಪಾಗುತ್ತದೆ. ಸುಮಾರು ಮೂರು ವಾರ ಕಳೆದ ಮೇಲೆ ಸೋಸಿ ಬಾಟಲಿಗೆ ತುಂಬಿಟ್ಟರೆ, ಮುಚ್ಚಳ ತೆಗೆಯುವುದು ಡಿಸೆಂಬರಿನಲ್ಲೇ.

ತೋಟದ ಕೆಲಸವೇ ಬೇರೆ. ಜರ್ಮನಿಯ ಬಳ್ಳಿಗೆ ಚಳಿಗಾಲ ಬಂದು ಎಲೆ ಉದುರಿಸಿ ನಿದ್ದೆ ಮಾಡಿಸುತ್ತದೆ. ಬೆಂಗಳೂರಿನ ಬಳ್ಳಿಗೆ ಅಂಥ ಚಳಿಯಿಲ್ಲ, ಅದು ಸದಾ ಹಸಿರು. ಇಲ್ಲಿ ಚಳಿಗಾಲದ ಕೆಲಸವನ್ನು ರೈತನ ಕತ್ತರಿ ಮಾಡುತ್ತದೆ. ಕಲ್ಲುಕಂಬ ನೆಟ್ಟು, ತಂತಿ ಎಳೆದು ಹಾಕಿದ ಚಪ್ಪರದ ಕೆಳಗೆ ತಲೆ ಎತ್ತಿಕೊಂಡೇ ದಿನವಿಡೀ ಬಳ್ಳಿ ಸವರಬೇಕು. ಕತ್ತರಿ ಬಿದ್ದ ಮೇಲೇ ಹೊಸ ಚಿಗುರು, ಹೂ, ಗೊಂಚಲು. ಹೀಗೆ ವರ್ಷಕ್ಕೆ ಎರಡು ಬೆಳೆ. ಚಿಬ್ಬು ರೋಗವನ್ನು ಬ್ಲೂ ಚೆನ್ನಾಗಿ ತಡೆಯುತ್ತದೆ. ಬೂಜು ತುಪ್ಪಟ ರೋಗ ಬಂದರೆ ಮಾತ್ರ ಸೋಲುತ್ತದೆ. ಈ ಗಟ್ಟಿತನಕ್ಕಾಗಿಯೇ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಇದನ್ನು ಹೊಸ ತಳಿಗಳ ತಾಯ್ತಂದೆಯರಲ್ಲಿ ಸೇರಿಸಿಕೊಂಡಿತು. ಬ್ಲ್ಯಾಕ್ ಚಂಪಾ ಜೊತೆ ಕೂಡಿಸಿದ್ದು ಅರ್ಕಾ ಶ್ಯಾಮ್. ಅನಾಬ್–ಎ–ಶಾಹಿ ಜೊತೆ ಕೂಡಿಸಿದ್ದು ಅರ್ಕಾ ಹಂಸ್.

ಈ ದ್ರಾಕ್ಷಿಯ ಸುತ್ತ ಒಂದು ಸಂಸ್ಥೆಯೂ ಹುಟ್ಟಿತು. ಸೊಪ್ಪು, ತರಕಾರಿಗೆಂದು ಬೆಂಗಳೂರಿನ ಜನ ಚೀಲ ಹಿಡಿದು ಹೋಗುವ ಹಾಪ್‌ಕಾಮ್ಸ್ ಶುರುವಾದದ್ದು ದ್ರಾಕ್ಷಿಯಿಂದ ಎಂಬುದು ಹಲವರಿಗೆ ಗೊತ್ತಿಲ್ಲ. ತೋಟಗಾರಿಕೆ ನಿರ್ದೇಶಕರಾಗಿದ್ದ ಡಾ. ಎಂ.ಎಚ್. ಮರಿಗೌಡರ ಮುತುವರ್ಜಿಯಿಂದ 1959ರಲ್ಲಿ ಅದು ಕಟ್ಟಿಕೊಂಡಾಗ ಹೆಸರು ಬೆಂಗಳೂರು ದ್ರಾಕ್ಷಿ ಬೆಳೆಗಾರರ ಮಾರಾಟ ಮತ್ತು ಸಂಸ್ಕರಣ ಸಹಕಾರ ಸಂಘ. ದ್ರಾಕ್ಷಿ ಕಾಯುವ ಸರಕಲ್ಲ. ಕಿತ್ತ ದಿನವೇ ಮಾರಾಟವಾಗಬೇಕು, ಇಲ್ಲವೇ ದಲ್ಲಾಳಿ ಹೇಳಿದ ದರಕ್ಕೆ ತಲೆಯಾಡಿಸಬೇಕು. ಬೆಳೆದವರು ಒಟ್ಟಾಗಿ ತಾವೇ ಅಂಗಡಿ ತೆರೆದದ್ದು ಅದಕ್ಕೆ.

ಇದೇ ಕಷ್ಟ ಆರ್ ಕಣಿವೆಯವರಿಗೂ ಬಂದಿತ್ತು. ಅಲ್ಲಿನ ಮೈಶೋಸ್ ಗ್ರಾಮದ ಬೆಳೆಗಾರರು 1868ರಲ್ಲಿ ಕಟ್ಟಿದ ಸಹಕಾರ ಸಂಘ ಇಂದಿಗೂ ವೈನ್ ಮಾಡುತ್ತಿದೆ. ಜಗತ್ತಿನ ಅತಿ ಹಳೆಯ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವೆಂಬ ಹೆಸರು ಅದಕ್ಕಿದೆ. 2021ರ ಜುಲೈ ಪ್ರವಾಹ ಆ ಕಣಿವೆಯನ್ನು ಕೊಚ್ಚಿಹಾಕಿತು. ಅದಾದ ಮೇಲೂ ಸಂಘ ಉಳಿಯಿತು. ಬೆಂಗಳೂರಿನ ಸಂಘವೂ ಬೆಳೆಯಿತು, ಎಲ್ಲ ಹಣ್ಣು ತರಕಾರಿಗಳನ್ನೂ ಒಳಗೆ ಕರೆದುಕೊಂಡಿತು. ಹೆಸರಿನಿಂದ ಮಾತ್ರ ದ್ರಾಕ್ಷಿ ಬಿದ್ದುಹೋಯಿತು.

ತೋಟಗಳ ಕಥೆಯೂ ಹಾಗೇ. 1988ರಲ್ಲಿ ಶುರುವಾದ ಗ್ರೋವರ್ ಸಂಸ್ಥೆ ನಂದಿಬೆಟ್ಟದ ಬುಡದಲ್ಲಿ ಫ್ರೆಂಚ್ ತಳಿಗಳನ್ನು ಬೆಳೆದು ತೋರಿಸಿತು. 2007ರಲ್ಲಿ ರಾಜ್ಯಕ್ಕೆ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ಬಂತು, ವೈನ್ ಮಂಡಳಿಯೂ ಬಂತು. ಒಳ್ಳೆಯದೇ. ಆದರೆ 2008ರಲ್ಲಿ ದೇವನಹಳ್ಳಿಯಲ್ಲಿ ವಿಮಾನ ಇಳಿಯತೊಡಗಿದ ಮೇಲೆ ಸುತ್ತಲಿನ ನೆಲದ ಬೆಲೆಗೆ ಯಾವ ಗೊಂಚಲೂ ಸರಿಸಾಟಿಯಾಗಲಿಲ್ಲ. ಹೊಸ ಬಡಾವಣೆಯ ಬೇಲಿಯಲ್ಲಿ ಹಳೆಯ ಚಪ್ಪರದ ಕಲ್ಲುಕಂಬಗಳು ಸಿಗುತ್ತವೆ, ತಂತಿ ಬಿಗಿದ ಗೀರು ಇನ್ನೂ ಅವುಗಳ ಮೇಲಿರುತ್ತದೆ. ಊರಿನ ಹೆಸರು ಹೊತ್ತ ಬೆಳೆಗೆ ಜಿಐ ಪತ್ರವೊಂದೇ ಸಾಲದು. ಬೀಜವಿದೆಯೆಂದು ದರ ಮುರಿಯದ ಗಿರಾಕಿ ಬೇಕು, ಹಿಂಡಿ ರಸ ಮಾಡುವ ಘಟಕ ಬೇಕು, ಆಸ್ಟ್ರಿಯಾದ ಆ ಹಳ್ಳಿಗರಂತೆ ಇದೇ ನಮ್ಮ ರುಚಿ ಎಂದು ಬಾಟಲಿಯ ಮೇಲೆ ಬರೆದು ಮಾರುವ ಧೈರ್ಯ ಬೇಕು.

ಬ್ರೂಕ್‌ಫೀಲ್ಡ್‌ನಲ್ಲಿ ರಾತ್ರಿ ಒಂಬತ್ತರ ಹೊತ್ತಿಗೆ ಸೀಡ್‌ಲೆಸ್ ರಾಶಿ ಕರಗಿರುತ್ತದೆ. ಗಾಡಿಯವರು ಉಳಿದ ಬ್ಲೂ ಗೊಂಚಲುಗಳ ಮೇಲೆ ನೀರು ಚಿಮುಕಿಸಿ, ಒದ್ದೆ ಗೋಣಿಚೀಲ ಹೊದಿಸಿ ಗಾಡಿ ತಳ್ಳಿಕೊಂಡು ಹೋಗುತ್ತಾರೆ. ಹೋದ ಮೇಲೂ ಆ ಜಾಗದಲ್ಲಿ ಸ್ವಲ್ಪ ಹೊತ್ತು ದ್ರಾಕ್ಷಿಯ ವಾಸನೆ ಇರುತ್ತದೆ.