ತಲೆಗೆ ಪೆಟ್ಟಾದವನು ಎದ್ದು ಕೂತರೂ ನಂಬಬೇಡಿ

ಮಳೆ ಶುರುವಾದರೆ ನಮ್ಮ ಹಾಸ್ಟೆಲ್‌ನಲ್ಲಿ ಒಂದೇ ಮಾತು: ‘ಭಾನುವಾರ ದೇವರಮನೆಗೆ ಹೋಗೋಣ್ವಾ?’ ಮೂಡಿಗೆರೆ ತಾಲ್ಲೂಕಿನ ಈ ಬೆಟ್ಟದ ಮಂಜು, ತಿರುವುಗಳು, ಕಾಲಭೈರವೇಶ್ವರನ ಗುಡಿ ಎಲ್ಲರನ್ನೂ ಸೆಳೆಯುತ್ತವೆ. ಬೈಕ್ ಓಡಿಸುವವನ ತಲೆಯಲ್ಲಿ ಹೆಲ್ಮೆಟ್ ಇರುತ್ತದೆ. ಹಿಂದೆ ಕೂತವನಿಗೆ ಎಷ್ಟೋ ಸಲ ಇರುವುದಿಲ್ಲ.

ರಾಷ್ಟ್ರಪ್ರಶಸ್ತಿ ಪಡೆದ ನಟ ಸಂಚಾರಿ ವಿಜಯ್ ನಮ್ಮದೇ ಜಿಲ್ಲೆಯ ಕಡೂರು ತಾಲ್ಲೂಕಿನ ಪಂಚನಹಳ್ಳಿಯವರು. 2021ರ ಜೂನ್ 12ರ ರಾತ್ರಿ ಬೆಂಗಳೂರಿನಲ್ಲಿ ಗೆಳೆಯನ ಬೈಕಿನ ಹಿಂದೆ ಕೂತಿದ್ದರು, ಹೆಲ್ಮೆಟ್ ಇರಲಿಲ್ಲ. ಬೈಕ್ ಜಾರಿ ಕಂಬಕ್ಕೆ ಬಡಿಯಿತು. ಮೆದುಳಿನಲ್ಲಿ ರಕ್ತಸ್ರಾವವಾಗಿತ್ತು. ಶಸ್ತ್ರಚಿಕಿತ್ಸೆ ಮಾಡಿದರೂ ಮೆದುಳು ಚೇತರಿಸಿಕೊಳ್ಳಲಿಲ್ಲ. ಮನೆಯವರು ಅವರ ಅಂಗಾಂಗ ದಾನ ಮಾಡಿದರು. ಆಗ ಅವರಿಗೆ 37 ವರ್ಷ.

ತಲೆಯೊಳಗಿನ ರಕ್ತಸ್ರಾವ ಯಾಕಿಷ್ಟು ಅಪಾಯಕಾರಿ? ಎಂಜಿನಿಯರಿಂಗ್ ವಿದ್ಯಾರ್ಥಿಯಾದ ನನಗೆ ಇದು ಒತ್ತಡದ ಲೆಕ್ಕದಂತೆ ಕಾಣುತ್ತದೆ. ತಲೆಬುರುಡೆ ಹಿಗ್ಗದ ಪಾತ್ರೆ. ಒಳಗಿರುವುದು ಮೆದುಳು, ರಕ್ತ ಮತ್ತು ಮೆದುಳಿನ ಸುತ್ತಲಿನ ದ್ರವ. ರಕ್ತ ಸೋರಿ ಹೆಪ್ಪುಗಟ್ಟಿದರೆ ಮೊದಲು ಆ ದ್ರವ ಸರಿದು ಜಾಗ ಕೊಡುತ್ತದೆ. ಅದಕ್ಕೇ ಪೆಟ್ಟಾದವನು ಕೆಲವೊಮ್ಮೆ ಎದ್ದು ಕೂತು ‘ಏನಾಗಿಲ್ಲ ಬಿಡ್ರೋ’ ಅನ್ನುತ್ತಾನೆ. ಜಾಗ ಮುಗಿದ ಮೇಲೆ ಒತ್ತಡ ಒಮ್ಮೆಲೇ ಏರುತ್ತದೆ. ಮೆದುಳು ಇದ್ದಲ್ಲಿಂದ ಜರುಗಿ, ಕೆಳಗೆ ಉಸಿರಾಟ, ಹೃದಯ ಬಡಿತ ನಿಯಂತ್ರಿಸುವ ಮೆದುಳುಕಾಂಡವನ್ನು ಅದುಮುತ್ತದೆ. ಇದೇ ‘ಬ್ರೈನ್ ಹರ್ನಿಯೇಷನ್’.

ತಲೆನೋವು ಹೆಚ್ಚುವುದು, ಮತ್ತೆ ಮತ್ತೆ ವಾಂತಿ, ಮಂಪರು, ಮಾತು ತೊದಲುವುದು ಮುನ್ಸೂಚನೆಗಳು. ಒಂದು ಕಣ್ಣಿನ ಪಾಪೆ ಹಿಗ್ಗುವುದು, ಒಂದು ಕಡೆಯ ಕೈಕಾಲು ಸೋಲುವುದು, ಉಸಿರಾಟ ಏರುಪೇರಾಗುವುದು ಕಂಡರೆ ಉಳಿದಿರುವ ಸಮಯ ಬಹಳ ಕಡಿಮೆ. ಆಸ್ಪತ್ರೆಯಲ್ಲಿ ಸಿ.ಟಿ. ಸ್ಕ್ಯಾನ್ ಮಾಡುತ್ತಾರೆ, ಮ್ಯಾನಿಟಾಲ್‌ನಂಥ ಔಷಧಿಯಿಂದ ಒತ್ತಡ ಇಳಿಸುತ್ತಾರೆ, ಬೇಕಾದರೆ ಬುರುಡೆ ತೆರೆದು ಹೆಪ್ಪುಗಟ್ಟಿದ ರಕ್ತ ತೆಗೆಯುತ್ತಾರೆ.

ಮೂಡಿಗೆರೆಯಿಂದ ಮಂಗಳೂರಿನ ದೊಡ್ಡ ಆಸ್ಪತ್ರೆಗಳಿಗೆ ಚಾರ್ಮಾಡಿ ಘಾಟಿ ಇಳಿದು ನೂರು ಕಿಲೋಮೀಟರ್ ಆಸುಪಾಸು ಹೋಗಬೇಕು. ಹಾಗಾಗಿ ‘ರಾತ್ರಿ ಮಲಗಿ ಎದ್ದರೆ ಸರಿಹೋಗುತ್ತಾನೆ’ ಎಂದು ಕಾಯಬೇಡಿ. ಕೂಡಲೇ 108ಕ್ಕೆ ಕರೆ ಮಾಡಿ. ಕುತ್ತಿಗೆ ಅಲುಗಾಡದಂತೆ ನೋಡಿಕೊಳ್ಳಿ. ಮಂಪರಿನಲ್ಲಿದ್ದವನ ಬಾಯಿಗೆ ನೀರು ಹಾಕಬೇಡಿ. ಪೆಟ್ಟಾದ ಹೊತ್ತು, ವಾಂತಿಯಾದ ಹೊತ್ತು ನೆನಪಿಟ್ಟು ವೈದ್ಯರಿಗೆ ಹೇಳಿ. ಅಪಘಾತದಲ್ಲಿ ನೆರವಾದವರಿಗೆ ಕಾನೂನಿನ ರಕ್ಷಣೆಯಿದೆ, ಪೊಲೀಸ್ ಕೇಸಿನ ಭಯ ಬೇಡ.

ಹಿಂಬದಿ ಸವಾರನಿಗೂ ಹೆಲ್ಮೆಟ್ ಕಡ್ಡಾಯ. ಮುಂದಿನ ಭಾನುವಾರ ಹೊರಡುವ ಮುನ್ನ ಪೆಟ್ರೋಲ್ ಜೊತೆಗೆ ಎರಡನೇ ಹೆಲ್ಮೆಟ್ ಇದೆಯಾ ಅಂತಲೂ ನೋಡಿಕೊಳ್ಳಿ.